ಕೈ ಎತ್ತುವ ಮೊದಲು

ಟ್ಯೂಬ್‌ಲೈಟಿನ ದಾರ ಎಳೆಯಲು ಕೈ ಎತ್ತಿದೆ.
ಪಕ್ಕದ ಮಷೀನಿನ ಶೇಕ್ಷಾವಲಿ
ತಲೆ ತಗ್ಗಿಸಿದ.
ಅಷ್ಟೇ.
ಲೈಟು ಎರಡು ಸಲ ಕಣ್ಣು ಬಡಿದು ಹತ್ತಿಕೊಂಡಿತು,
ಅವನು ಜೇಬಿನ ಹೊಲಿಗೆಗೆ ಮರಳಿದ,
ನಾನು ಮಾತ್ರ ದಾರ ಹಿಡಿದುಕೊಂಡು
ನಿಂತೇ ಇದ್ದೆ.

ಹೊಡೆದು ಏಳು ತಿಂಗಳಾಗಿತ್ತು.
ಒಂದೇ ಏಟು.
ಅರವತ್ತು ಪ್ಯಾಂಟಿಗೆ ಎಡಜೇಬು ಬಲಕ್ಕೆ,
ಬಲಜೇಬು ಎಡಕ್ಕೆ ಕೂಡಿಸಿದ್ದ ಹುಡುಗ.
ಮಾರನೆಯ ದಿನ ನಾನೇ ಚಹಾ ಕುಡಿಸಿದೆ,
ಜೊತೆಗೆ ಎರಡು ಮಿರ್ಚಿ, ಒಂದು ಪೊಟ್ಟಣ ಮಂಡಕ್ಕಿ.
ನಕ್ಕು ತಿಂದಿದ್ದ. ಮುಗಿಯಿತು ಅಂದುಕೊಂಡೆ.
ಅವನು ಮರೆತಿದ್ದನೇನೋ,
ಅವನ ಕುತ್ತಿಗೆ ಮರೆತಿರಲಿಲ್ಲ.

ಸಿಟ್ಟು ನಮ್ಮ ಮನೆತನದ್ದು ಎಂದು
ಕೌಲ್ ಬಜಾರಿನ ತುಂಬ ಹೇಳಿಕೊಂಡು ತಿರುಗಿದವನು ನಾನು.
ಗಾದಿಲಿಂಗಪ್ಪನ ಮಗ, ಬಳ್ಳಾರಿಯ ಬಿಸಿಲು,
ಬಂಡೆಯೇ ಕಾಯುವ ಊರಲ್ಲಿ
ಮನುಷ್ಯ ಕಾಯಬಾರದೇನು?
ಆದರೆ ವರ್ಷವಿಡೀ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಗುಡ್ಡ
ಯಾರಿಗೂ ಹೊಡೆದದ್ದನ್ನು
ನಾನು ನೋಡಿಲ್ಲ.

ಖಾಜಾಬನ್ನಿ ಮೂಲೆಯಲ್ಲಿ ಕೂತು
ನಮ್ಮೆಲ್ಲರ ತಪ್ಪು ಹೊಲಿಗೆ ಬಿಚ್ಚುತ್ತಾಳೆ.
ಅರ್ಧ ಬ್ಲೇಡು, ನೀಲಿ ಉಗುರು,
ಕೆಮ್ಮಿದರೆ ನೀಲಿ ನೂಲು.
ಎಳೆದು ಹರಿಯುವುದಿಲ್ಲ ಅವಳು.
ಎರಡು ಹೊಲಿಗೆ ಬಿಟ್ಟು ಒಂದನ್ನು ಕೊಯ್ದು,
ಬಟ್ಟೆ ತಿರುಗಿಸಿ
ಕೆಳಗಿನ ದಾರ ಹಿಡಿದು ಮೆಲ್ಲಗೆ ಎಳೆಯುತ್ತಾಳೆ,
ಇಡೀ ಸಾಲು ಎದ್ದು ಬರುತ್ತದೆ.
ಆ ಅರವತ್ತು ಪ್ಯಾಂಟಿನ ಜೇಬು ಬಿಚ್ಚಿದವಳೂ ಅವಳೇ.

‘ಹೊಡಿಯೋಕೆ ಮುಂಚೆ ಏನನ್ನಿಸ್ತು ನಿಂಗೆ?’
ತಲೆ ಎತ್ತದೆ ಕೇಳಿದಳು.
‘ಏನೂ ಇಲ್ಲ. ಕೈ ತಾನೇ ಹೋತು.’
‘ತಾನೇ ಹೋಗಂಗಿದ್ರೆ
ಸೇಟು ಮ್ಯಾಲೆ ಯಾಕೆ ಹೋಗ್ಲಿಲ್ಲಪ್ಪಾ?’

ಬ್ಲೇಡು ತನ್ನ ಕೆಲಸ ಮುಂದುವರಿಸಿತು.

ಆ ರಾತ್ರಿ ಟಿವಿಎಸ್ ತಳ್ಳಿಕೊಂಡು ಬಂದೆ,
ಪೆಟ್ರೋಲ್ ಇದ್ದರೂ.
ಮೇಲಿನ ಹೊಲಿಗೆ ಸುಕ್ಕಾದರೆ
ಬಾಬಿನ್ ತೆಗೆದು ನೋಡುವವನು ನಾನು,
ಇಪ್ಪತ್ತೆರಡು ವರ್ಷದ ಕಸುಬು.
ನೋಡಿದೆ.
ಬೆಳಗ್ಗೆ ಸೇಟು ಎಲ್ಲರೆದುರು ಅಂದದ್ದು: ‘ನಿನ್ನ ಲೈನು ದಂಡ.’
ಅದರ ಕೆಳಗೆ, ನನ್ನೊಳಗೆ ಯಾರೋ ಅಂದದ್ದು:
ಎಲ್ಲರೂ ನಗುತ್ತಿದ್ದಾರೆ.
ಯಾರೂ ನಗುತ್ತಿರಲಿಲ್ಲ.
ಕರೆಂಟು ಹೋಗಿತ್ತು, ನಲವತ್ತು ಮಷೀನು ಸುಮ್ಮನಿದ್ದವು,
ನಕ್ಕಿದ್ದರೆ ಕೇಳಿಸುತ್ತಿತ್ತು.
ಅದರ ಕೆಳಗೆ ಅಪ್ಪನ ಕೈ.
ಅದರ ಕೆಳಗೆ, ಗೋಡೆಗೆ ಒತ್ತಿಕೊಂಡು
ತಲೆ ತಗ್ಗಿಸಿದ ಒಬ್ಬ ಹುಡುಗ,
ಅವನು ಶೇಕ್ಷಾವಲಿಯಲ್ಲ.

ಬದಲಾದೆ ಎಂದು ಹೇಳಲಾರೆ.
ಹತ್ತು ಎಣಿಸು ಅಂದರು, ಎಣಿಸಿದೆ,
ಹನ್ನೊಂದಕ್ಕೆ ಬೈದೆ.
ನೀರು ಕುಡಿ ಅಂದರು, ಕುಡಿದು ಲೋಟ ಎಸೆದೆ.
ಎಸೆದದ್ದನ್ನು ನಾನೇ ಹೋಗಿ ಎತ್ತಿಕೊಂಡು ಬಂದೆ,
ಅದೊಂದು ಹೊಸದು.

ಈಗ ಕೈ ಎತ್ತುವ ಮೊದಲು ಹೇಳುತ್ತೇನೆ:
‘ಲೈಟಿಗೆ.’
ಹುಡುಗ ರೆಪ್ಪೆ ಬಡಿಯುತ್ತಾನೆ, ತಲೆ ತಗ್ಗಿಸುವುದಿಲ್ಲ.
ಬಿಚ್ಚಿದ ಜೀನ್ಸಿನಲ್ಲಿ ಸೂಜಿಯ ತೂತು ಉಳಿಯುತ್ತದೆ,
ನಾಲ್ಕು ಒಗೆತಕ್ಕೆ ಕೂಡಿಕೊಂಡರೂ ಕೂಡಿಕೊಳ್ಳಬಹುದು,
ಒಗೆಯುವುದಷ್ಟೇ ನಮ್ಮದು.

ರೂಢಿಯಾಗಿ ಮನೆಯಲ್ಲೂ ಬಾಯಿಗೆ ಬಂತು.
ನಾಗಂದಿಗೆಯ ಡಬ್ಬಿಗೆ ಕೈ ಎತ್ತುತ್ತ
‘ಸಕ್ಕರೆಗೆ’ ಅಂದೆ.
‘ಗೊತ್ತಾತು ಬಿಡು’ ಅಂದಳು ಎರ್ರೆಮ್ಮ.
ಅಂದವಳು ಒಲೆಯ ಆಚೆ ಬದಿಯಿಂದ
ಒಂದು ಹೆಜ್ಜೆ ಈಚೆ ಬಂದು ನಿಂತಳು.

ಇಷ್ಟು ವರ್ಷ ಆಚೆಗೇ ಯಾಕೆ ನಿಲ್ಲುತ್ತಿದ್ದಳು,
ನಾನು ಇನ್ನೂ ಕೇಳಿಲ್ಲ.